ವೋಟಿನ ಕುಂಕುಮ

ನನ್ನ ದೊಡ್ಡಮ್ಮ ತಮ್ಮ ಜೀವಮಾನದಲ್ಲಿ ಒಬ್ಬ ಮನುಷ್ಯನನ್ನೂ ನೋಡಿರಲಿಲ್ಲ ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಕಣ್ಣಿನ ದೋಷವೇನೂ ಇರಲಿಲ್ಲ, ಅರವತ್ತು ದಾಟಿದ ಮೇಲೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಆದರೆ ಒಂಟಿಕೊಪ್ಪಲಿನ ಅವರ ಮನೆಯ ಮುಂದೆ ಯಾರೇ ಹಾದುಹೋಗಲಿ, ಅವರಿಗೆ ಕಾಣುತ್ತಿದ್ದದ್ದು ಮನುಷ್ಯರಲ್ಲ, ವೋಟು. "ನೋಡು, ಎರಡು ವೋಟು ಸ್ಕೂಟರ್ ಮೇಲೆ ಹೋಗ್ತಿದೆ" ಎನ್ನುತ್ತಿದ್ದರು. ಗಂಡ ಹೆಂಡತಿಯ ನಡುವೆ ಕುಳಿತ ಮಗು ಲೆಕ್ಕಕ್ಕಿಲ್ಲ. ಅದಕ್ಕಿನ್ನೂ ಹದಿನೆಂಟು ತುಂಬಿಲ್ಲವಲ್ಲ!

ಯಾರಾದರೂ ಮಗಳ ಮದುವೆಯ ಲಗ್ನಪತ್ರಿಕೆ ತಂದುಕೊಟ್ಟರೆ ಎಲ್ಲರೂ ವರ ಏನು ಓದಿದ್ದಾನೆ ಎಂದು ನೋಡುತ್ತಾರೆ. ನಮ್ಮ ದೊಡ್ಡಮ್ಮ ನೋಡುತ್ತಿದ್ದದ್ದು ವರನ ವಿಳಾಸ. "ಮಂಡ್ಯಕ್ಕೆ ಕೊಟ್ರಾ? ಹೋಯ್ತು ಬುಡಿ, ಒಂದು ಗಟ್ಟಿ ವೋಟು" ಎಂದು ಹೆಣ್ಣಿನ ತಾಯಿಗಿಂತ ಮೊದಲು ಇವರೇ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಇದಕ್ಕೆ ಪರಿಹಾರವಾಗಿ ಐದನೇ ಕ್ರಾಸಿನ ಹುಡುಗಿಯನ್ನು ಏಳನೇ ಕ್ರಾಸಿನ ಹುಡುಗನಿಗೆ ತಾವೇ ನಿಂತು ಗಂಟುಹಾಕಿಸಿದರು. ಜಾತಕ ಕೂಡಿಬರುತ್ತದೆಯೇ ಎಂದು ಹುಡುಗನ ತಾಯಿ ಅನುಮಾನಿಸಿದಾಗ "ಬೂತ್ ಕೂಡಿಬಂದಿದೆ, ಇನ್ನೇನು ಬೇಕು" ಎಂದರಂತೆ. ಆ ದಂಪತಿಗಳು ಇವತ್ತಿಗೂ ಚೆನ್ನಾಗಿದ್ದಾರೆ.

ಇವರ ಹಿತ್ತಿಲಿನ ತೆಂಗಿನಕಾಯಿ ಕದಿಯುತ್ತಿದ್ದವನೊಬ್ಬ ಒಂದು ಮಧ್ಯಾಹ್ನ ಕೈಗೆ ಸಿಕ್ಕಿಬಿದ್ದ. ಅಕ್ಕಪಕ್ಕದವರು ಪೊಲೀಸಿಗೆ ಫೋನ್ ಮಾಡಲು ಎಸ್‌ಟಿಡಿ ಬೂತಿಗೆ ಓಡಲು ಸಿದ್ಧರಾದರು. ದೊಡ್ಡಮ್ಮ ಅವನನ್ನು ಕೂರಿಸಿ, "ನಿನ್ನ ವೋಟು ಎಲ್ಲಿದೆಯಪ್ಪ?" ಎಂದು ಕೇಳಿದರು. ಅವನು ನಮ್ಮ ವಾರ್ಡಿನವನೇ ಆಗಿದ್ದ. ಕಾಯಿಯ ಜೊತೆಗೆ ಎರಡು ಬೆಲ್ಲದ ಅಚ್ಚನ್ನೂ ಕೊಟ್ಟು ಕಳಿಸಿದರು.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ದೊಡ್ಡಪ್ಪ ಮಾರ್ಕೆಟ್ಟಿನ ಹತ್ತಿರ ದಿನಸಿ ಅಂಗಡಿ ಇಟ್ಟುಕೊಂಡಿದ್ದವರು, ಅಂಗಡಿಯಲ್ಲಿ ಕುಳಿತದ್ದಕ್ಕಿಂತ ಪಕ್ಷದ ಕೆಲಸಕ್ಕೆ ಓಡಾಡಿದ್ದೇ ಹೆಚ್ಚು. ನಡುವಯಸ್ಸಿನಲ್ಲೇ ಎದೆನೋವು ಬಂದು ಹೋಗಿಬಿಟ್ಟರು. ಮಕ್ಕಳಿರಲಿಲ್ಲ. ಅಂಗಡಿಯನ್ನು ಅವರ ತಮ್ಮ ವಹಿಸಿಕೊಂಡರು, ಪಕ್ಷವನ್ನು ದೊಡ್ಡಮ್ಮ ವಹಿಸಿಕೊಂಡರು. ಅವರ ಮನೆಯ ಜಗಲಿಯೇ ವಾರ್ಡಿನ ಕಚೇರಿಯಾಯಿತು. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಆಮೇಲೆ ಜಗಲಿ.

ಯಾವ ಪಕ್ಷ ಎಂದು ಮಾತ್ರ ನೀವು ಕೇಳಬಾರದು. ಕೇಳಿದರೂ ನಾನು ಹೇಳುವುದಿಲ್ಲ. ದೊಡ್ಡಮ್ಮನೇ ಹೇಳುತ್ತಿರಲಿಲ್ಲವಲ್ಲ! ಮನೆಯ ಮೇಲೆ ಪಕ್ಷದ ಬಾವುಟ, ಗೋಡೆಯ ಮೇಲೆ ಪಕ್ಷದ ಕ್ಯಾಲೆಂಡರ್, ಹೆಗಲ ಮೇಲೆ ಪಕ್ಷದ ಶಾಲು. ಆದರೂ ವೋಟು ಹಾಕಿ ಬಂದ ದೊಡ್ಡಮ್ಮನನ್ನು ಯಾರಿಗೆ ಹಾಕಿದಿರಿ ಎಂದು ಕೇಳಿದರೆ ಮುಖ ಗಂಭೀರವಾಗಿಬಿಡುತ್ತಿತ್ತು. "ಅದನ್ನೆಲ್ಲ ಹೇಳಬಾರದು ಕಣೇ. ಗುಪ್ತ ಮತದಾನ."

ಇನ್ನು ಕುಂಕುಮದ ವಿಷಯ. ಕಾರ್ಪೊರೇಷನ್ ಎಲೆಕ್ಷನ್ ಆಗಲಿ, ಅಸೆಂಬ್ಲಿ ಆಗಲಿ, ಪ್ರಚಾರದ ಮೊದಲ ದಿನ ದೊಡ್ಡಮ್ಮ ಹಿತ್ತಾಳೆ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣು ಇಟ್ಟುಕೊಂಡು, ಎಲೆಯ ಕೆಳಗೆ ಅಭ್ಯರ್ಥಿಯ ಕರಪತ್ರ ಮಡಿಸಿಟ್ಟು ಮನೆಮನೆಗೆ ಹೊರಡುತ್ತಿದ್ದರು. ಎಲ್ಲ ಮನೆಗೂ. ನಡುಮನೆಯವರೆಗೂ ಹೋಗಿ, ಅಲ್ಲಿ ಕೂತು, ಮನೆಯ ಹೆಂಗಸಿನ ಹಣೆಗೆ ತಾವೇ ಕುಂಕುಮವಿಟ್ಟು, ಮಜ್ಜಿಗೆ ಕುಡಿದು, ಸೊಸೆಯ ಮೇಲಿನ ದೂರು ಅತ್ತೆಯಿಂದಲೂ ಅತ್ತೆಯ ಮೇಲಿನ ದೂರು ಸೊಸೆಯಿಂದಲೂ ಬೇರೆ ಬೇರೆಯಾಗಿ ಕೇಳಿಸಿಕೊಂಡು ಏಳುತ್ತಿದ್ದರು. ತಮ್ಮ ಹಣೆಗೆ ಇಟ್ಟುಕೊಳ್ಳುವುದನ್ನು ದೊಡ್ಡಪ್ಪ ಹೋದ ದಿನವೇ ಬಿಟ್ಟಿದ್ದ ಹೆಂಗಸು, ವಾರ್ಡಿಗೆಲ್ಲ ಕುಂಕುಮ ಹಂಚುತ್ತಿದ್ದರು. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಅವರಿಗೂ ಅನಿಸಿರಲಿಲ್ಲ, ಇಡಿಸಿಕೊಂಡವರಿಗೂ ಅನಿಸಿರಲಿಲ್ಲ. ಅದು ವೋಟಿನ ಕುಂಕುಮ, ಅಷ್ಟೇ. ದೊಡ್ಡಮ್ಮನ ತಟ್ಟೆ ಗೇಟಿನ ಹತ್ತಿರ ಬಂದರೆ ಎಲೆಕ್ಷನ್ ಬಂತು ಎಂದು ಅರ್ಥ.

ನಮ್ಮ ಪಕ್ಷಕ್ಕೆ ಆಗ ದೇವರ ಮೇಲೆ ಭಕ್ತಿ ಇರಲಿಲ್ಲವೆಂದಲ್ಲ. ಗಣಪತಿ ಹಬ್ಬಕ್ಕೂ ಚಂದಾ ಕೊಡುತ್ತಿತ್ತು, ಉರುಸಿಗೂ ಕೊಡುತ್ತಿತ್ತು, ಕ್ರಿಸ್‌ಮಸ್ಸಿಗೆ ಚರ್ಚಿನ ಮುಂದೆ ಬ್ಯಾನರ್ ಕಟ್ಟುತ್ತಿತ್ತು. ಅಷ್ಟಕ್ಕೆ ಅದರ ಧರ್ಮಕಾರ್ಯ ಮುಗಿಯುತ್ತಿತ್ತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಪಕ್ಷದೊಳಕ್ಕೆ ಸದಾಚಾರ ಮಂಡಳಿ ಬಂತು. ಹೇಗೆ ಬಂತು ಎಂದು ಯಾರಿಗೂ ಗೊತ್ತಾಗಲಿಲ್ಲ. ಮೊದಲು ಸಭೆಗೆ ಮುಂಚೆ ಒಂದು ಶ್ಲೋಕ ಹೇಳಿಕೊಡಲು ಬಂದರು. ಶ್ಲೋಕ ಮುಗಿದ ಮೇಲೆ ಎದ್ದು ಹೋಗಲಿಲ್ಲ. ಅವರಿಗೆ ಸಂಜೆ ಹೊತ್ತು ಬಿಡುವಿತ್ತು, ಮೇಲಿನ ಕಚೇರಿಯಲ್ಲಿ ಪರಿಚಯವಿತ್ತು. ನೋಡುತ್ತಾ ನೋಡುತ್ತಾ ಟಿಕೆಟ್ ಯಾರಿಗೆ, ಭಾಷಣ ಯಾರದ್ದು, ಊಟಕ್ಕೆ ಏನು ಎನ್ನುವುದನ್ನೆಲ್ಲ ಅವರೇ ಹೇಳತೊಡಗಿದರು. ಮಂಡಳಿಯ ಅಧ್ಯಕ್ಷರು ನಿವೃತ್ತ ಎಂಜಿನಿಯರ್, ಬಹಳ ಮೃದು ಮಾತಿನವರು. ಬೈಗುಳವನ್ನೂ ಆಶೀರ್ವಾದದ ಧಾಟಿಯಲ್ಲಿ ಹೇಳಬಲ್ಲವರು.

ಮೊದಲ ಪೆಟ್ಟು ಬಿದ್ದದ್ದು ಬಿರಿಯಾನಿಗೆ. ಎಲೆಕ್ಷನ್ ಕೆಲಸ ಮಾಡುವ ಹುಡುಗರಿಗೆ ಭಾನುವಾರ ಬಾಡೂಟ ಹಾಕುವುದು ಪಕ್ಷದಲ್ಲಿ ನಡೆದುಬಂದ ಪದ್ಧತಿ. ಮಂಡಳಿ ಅದನ್ನು ನಿಲ್ಲಿಸಿ ಪುಳಿಯೋಗರೆ, ಮೊಸರನ್ನ ಮಾಡಿಸಿತು. ಹುಡುಗರು ದೊನ್ನೆ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿದ ದೃಶ್ಯವನ್ನು ನಾನು ಮರೆಯಲಾರೆ. ಸಾವಿನ ಮನೆಯಲ್ಲೂ ಅಷ್ಟು ಮೌನ ಇರುವುದಿಲ್ಲ. ಎಲ್ಲರಿಗಿಂತ ಹೆಚ್ಚು ಗಾಬರಿಯಾದದ್ದು ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ನಮ್ಮ ದೊಡ್ಡಮ್ಮನಿಗೆ.

"ನೀವು ತಿನ್ನಲ್ಲವಲ್ಲ ದೊಡ್ಡಮ್ಮ, ನಿಮಗ್ಯಾಕೆ ಸಂಕಟ?" ಎಂದೆ.

"ನಾನು ತಿನ್ನಲ್ಲ ಕಣೇ. ವೋಟು ತಿನ್ನುತ್ತಲ್ಲ" ಎಂದರು.

ಆ ಸಲ ಕಾರ್ಪೊರೇಷನ್ ಎಲೆಕ್ಷನ್ನಿಗೆ ನಮ್ಮ ವಾರ್ಡಿನ ಟಿಕೆಟ್ ಸಿಕ್ಕಿದ್ದು ಮಹೇಶನಿಗೆ. ಮೂರನೇ ಕ್ರಾಸಿನ ಹುಡುಗ. ಹುಡುಗ ಎಂದರೆ ನಲವತ್ತು ದಾಟಿದವನು. ಗೋಡೆಗೆ ಪೋಸ್ಟರ್ ಅಂಟಿಸುತ್ತಿದ್ದ ವಯಸ್ಸಿನಿಂದ ದೊಡ್ಡಮ್ಮನ ಮನೆಯಲ್ಲಿ ಉಂಡು ಬೆಳೆದವನು, ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದವನು. ಅವನನ್ನು ಗೆಲ್ಲಿಸುವುದೊಂದೇ ತಮ್ಮ ಬಾಳಿನ ಉಳಿದ ಕೆಲಸ ಎಂಬಂತೆ ದೊಡ್ಡಮ್ಮ ಓಡಾಡಿದರು. ಅವರನ್ನು ಅಲ್ಲಿ ಇಲ್ಲಿ ಕರೆದೊಯ್ಯುವ ಕೆಲಸ ನನ್ನದು. ಕುವೆಂಪುನಗರದಿಂದ ಕೈನೆಟಿಕ್ ಹೋಂಡಾದಲ್ಲಿ ಬಂದು, ಹಿಂದೆ ಅವರನ್ನು ಕೂರಿಸಿಕೊಂಡು, "ನಿಧಾನ ಕಣೇ, ಯಾರಿಗಾದ್ರೂ ಗುದ್ದೀಯ, ವೋಟು" ಎನ್ನುವ ಎಚ್ಚರಿಕೆ ಕೇಳಿಸಿಕೊಳ್ಳುತ್ತಾ ಊರೆಲ್ಲ ಸುತ್ತಿದೆ.

ನಾಮಪತ್ರ ಸಲ್ಲಿಸಿದ ದಿನದ ಕಥೆ ಕೇಳಿ. ಮುಂಚಿನ ದಿನಗಳೆಲ್ಲ ಒಂದಲ್ಲ ಒಂದು ಕಾರಣಕ್ಕೆ ಸರಿಯಿಲ್ಲವೆಂದು ಮಂಡಳಿ ಕೊನೆಯ ದಿನವನ್ನೇ ಆರಿಸಿತ್ತು. ಅದು ಗುರುವಾರ. ಮಧ್ಯಾಹ್ನ ಮೂರಕ್ಕೆ ಮುಗಿಯುತ್ತದೆ. ಬೆಳಿಗ್ಗೆ ಹೋಮ ಮುಗಿಸಿ, ಮೆರವಣಿಗೆ ಹೊರಟು, ವಾಲಗದವರು ಊಟಕ್ಕೆ ನಿಂತು, ನಾವು ಚುನಾವಣಾಧಿಕಾರಿಯ ಕಚೇರಿಯ ಗೇಟು ತಲುಪುವಷ್ಟರಲ್ಲಿ ಒಂದೂವರೆ ಆಯಿತು. ಅಧ್ಯಕ್ಷರು ಗಡಿಯಾರ ನೋಡಿ ಕೈ ಅಡ್ಡ ಹಿಡಿದರು. ಗುರುವಾರ ಒಂದೂವರೆಯಿಂದ ಮೂರರವರೆಗೆ ರಾಹುಕಾಲ!

ಮಹೇಶ ಹಾರ ಹಾಕಿಕೊಂಡು, ನಾಮಪತ್ರದ ಫೈಲು ಎದೆಗೆ ಅವುಚಿಕೊಂಡು, ಗೇಟಿನ ಹೊರಗಿನ ಬಿಸಿಲಲ್ಲಿ ನಿಂತ. ಅಧ್ಯಕ್ಷರು ಕಣ್ಣುಮುಚ್ಚಿ ಜಪ ಮಾಡತೊಡಗಿದರು. ಎರಡಾಯಿತು, ಎರಡೂವರೆಯಾಯಿತು. ಎದುರು ಪಕ್ಷದವರು ಕಬ್ಬಿನ ಹಾಲಿನ ಗಾಡಿಯ ಹತ್ತಿರ ನಿಂತು ನಮ್ಮನ್ನೇ ನೋಡುತ್ತಿದ್ದರು. ವಿದ್ಯಾವಂತರು, ವಕೀಲರು, ಒಬ್ಬ ಡಾಕ್ಟರ್ ಕೂಡ ನಮ್ಮ ಗುಂಪಿನಲ್ಲಿದ್ದರು. ಯಾರಿಗೂ ಬಾಯಿ ಬರಲಿಲ್ಲ. ಒಂದು ಇಡೀ ಪಕ್ಷ ಒಂದು ಗೇಟಿನ ಮುಂದೆ ತನ್ನ ಸೋಲಿಗಾಗಿ ಕಾದು ನಿಲ್ಲುವುದನ್ನು ನೋಡಿ ನಾನು ದಂಗಾಗಿಹೋದೆ.

ದೊಡ್ಡಮ್ಮ ಮಾತ್ರ ಅಧ್ಯಕ್ಷರ ಹತ್ತಿರ ಹೋಗಿ, "ಸ್ವಾಮಿ, ರಾಹು ಎಷ್ಟೊತ್ತಿಗೆ ಹೋಗ್ತಾನೆ?" ಎಂದು ಕೇಳಿದರು.

"ಮೂರಕ್ಕೆ, ತಾಯಿ."

"ಆಫೀಸರೂ ಮೂರಕ್ಕೇ ಎದ್ದು ಹೋಗ್ತಾರೆ" ಎಂದವರೇ ಮಹೇಶನ ರಟ್ಟೆ ಹಿಡಿದು ದರದರನೆ ಒಳಗೆ ಎಳೆದುಕೊಂಡು ಹೋದರು. ಹಾರದ ಹೂವೆಲ್ಲ ದಾರಿಯುದ್ದಕ್ಕೂ ಉದುರಿತು. ನಾಮಪತ್ರ ಸೇರಿತು. ಹೊರಗೆ ಬಂದಾಗ ಹುಡುಗರು ಶಿಳ್ಳೆ ಹೊಡೆದರು. ಅಧ್ಯಕ್ಷರು ಮಾತ್ರ ನಗಲಿಲ್ಲ. ರಾಹುಕಾಲ ಒಂದಾದರೆ, ಅಭ್ಯರ್ಥಿಯ ಕೈ ಹಿಡಿದವರು ಯಾರು ಎನ್ನುವುದು ಇನ್ನೊಂದು. ಅದನ್ನು ಅವರು ಆಗ ಹೇಳಲಿಲ್ಲ.

ಹೇಳಿದ್ದು ಪ್ರಚಾರ ಶುರುವಾದ ದಿನ. ಮೂಲೆಯ ಗಣಪತಿ ಗುಡಿಯ ಮುಂದೆ ಎಲ್ಲರೂ ಸೇರಿದ್ದೆವು. ದೊಡ್ಡಮ್ಮ ತಟ್ಟೆ ಜೋಡಿಸಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಸಿದ್ಧರಾಗಿದ್ದರು. ಅಧ್ಯಕ್ಷರು ಕೈಮುಗಿದು ಹತ್ತಿರ ಬಂದರು. ಹಿಂದೆ ರೇಷ್ಮೆ ಸೀರೆ ಉಟ್ಟ ಐದು ಮಂದಿ ಹೆಂಗಸರು. ಅವರು ಬಂದಿದ್ದ ಮಾರುತಿ ವ್ಯಾನು ಗೋಕುಲಂನದ್ದು, ನಮ್ಮ ವಾರ್ಡಿನದ್ದಲ್ಲ.

"ತಾಯಿ, ತಾವು ಹಿರಿಯರು. ತಾವು ಕೂತು ಆಶೀರ್ವಾದ ಮಾಡಬೇಕು. ಅರಿಶಿನ ಕುಂಕುಮ ಅನ್ನೋದು ಸುಮಂಗಲಿಯರ ಕೈಯಿಂದ ಹೋದರೆ ಪಕ್ಷಕ್ಕೂ ಶ್ರೇಯಸ್ಸು, ಪಡೆದವರಿಗೂ ಶ್ರೇಯಸ್ಸು. ತಾವು ತಿಳಿದವರು."

ಎಷ್ಟು ಮೃದುವಾಗಿ ಹೇಳಿದರೆಂದರೆ, ಅದು ಏನೆಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಇಪ್ಪತ್ತು ವರ್ಷದಿಂದ ಈ ವಾರ್ಡಿನ ಮನೆಮನೆ ತುಳಿದ ಹೆಂಗಸಿಗೆ, ಎಲ್ಲರೆದುರಿಗೆ, ನೀನು ಅಮಂಗಳ ಎಂದರಲ್ಲ! ನಾನು ಮಹೇಶನ ಮುಖ ನೋಡಿದೆ. ಅವನು ತನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿದೆಯೇ ಎಂದು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದ. "ಏನ್ರೀ ಇದು?" ಎಂದು ನಾನು ಬಾಯಿ ತೆಗೆದೆ. ದೊಡ್ಡಮ್ಮ ನನ್ನ ತೋಳು ಜಿಗುಟಿದರು.

ಈಗ ಇವರು ತಟ್ಟೆ ಎಸೆಯುತ್ತಾರೆ, ಅಧ್ಯಕ್ಷರ ನೀರಿಳಿಸುತ್ತಾರೆ ಎಂದು ನಾನು ಕಾದೆ. ನೀವೂ ಕಾಯುತ್ತಿದ್ದೀರಿ, ಅಲ್ಲವೇ? ಅವರು ಆ ತಟ್ಟೆಯನ್ನು ಐವರಲ್ಲಿ ಮುಂದೆ ನಿಂತಿದ್ದ ಅಧ್ಯಕ್ಷರ ಹೆಂಡತಿಯ ಕೈಗೆ ಕೊಟ್ಟು, "ಎಡಗೈಲಿ ಭದ್ರವಾಗಿ ಹಿಡ್ಕೊಳಮ್ಮ, ಭಾರ ಇದೆ. ಆರನೇ ಕ್ರಾಸಲ್ಲಿ ಹಸಿರು ಗೇಟಿನ ಮನೇಲಿ ನಾಯಿ ಕಚ್ಚುತ್ತೆ, ಗೇಟಲ್ಲೇ ನಿಂತು ಮನೆಯವರನ್ನ ಕೂಗಿ ಆಮೇಲೆ ಒಳಗೆ ಹೋಗು" ಎಂದು ಹೇಳಿ, ನನ್ನ ಗಾಡಿಯ ಹತ್ತಿರ ನಡೆದರು. ಬೇರೆಲ್ಲದಕ್ಕಿಂತ ನನಗೆ ಹೆಚ್ಚು ಆಘಾತವಾದದ್ದು ಅದು.

ಮನೆಗೆ ಬಂದ ಮೇಲೆ ಉಪ್ಪಿಟ್ಟು ಮಾಡಿದರು. ನಾನು ಮುಟ್ಟಲಿಲ್ಲ. "ನೀವ್ಯಾಕೆ ಸುಮ್ಮನಿದ್ರಿ?" ಎಂದು ರೇಗಿದೆ.

"ಲಿಂಗ ಕಟ್ಟಿದ ಮೈಗೆ ಅಮಂಗಳ ಎಲ್ಲಿಂದ ಬರುತ್ತೆ ಅಂತ ನಮ್ಮಜ್ಜಿ ಹೇಳೋರು. ನನಗೂ ಹೇಳಕ್ಕೆ ಬರುತ್ತೆ ಕಣೇ. ಅಲ್ಲಿ ಹೇಳಿದ್ರೆ ಜಗಳ ಆಗೋದು, ಮಹೇಶನ ಎಲೆಕ್ಷನ್ ಕೆಟ್ಟುಹೋಗೋದು. ಗೆಲ್ಲಲಿ ಬುಡು. ಗೆದ್ದ ಮೇಲೆ ಅವನೇ ಬಂದು ತಟ್ಟೆ ನನ್ನ ಕೈಗೆ ಕೊಡ್ತಾನೆ. ಮುಂದಿನ ಸಲ ನಾನೇ ಹೋಗ್ತೀನಿ, ನೋಡ್ತಿರು."

ಅಂದರೆ ಇವರಿಗೆ ಅವಮಾನ ಮಾಡಿದ ಪಕ್ಷ ಗೆದ್ದರೆ ಮಾತ್ರ ಇವರಿಗೆ ಆ ಮನೆಗಳ ಬಾಗಿಲು ಮತ್ತೆ ಸಿಗುತ್ತದೆ! ಇದೆಂಥ ಲೆಕ್ಕ ಎಂದು ನನಗೆ ತಲೆ ಕೆಟ್ಟಿತು.

ಸಂಜೆ ಎದುರು ಮನೆಯ ಜಯಮ್ಮ ಬಂದಳು. ಜಯಮ್ಮನ ಗಂಡನಿಗೆ ಹಾಲಿನ ವ್ಯಾಪಾರ, ಊರಿನಲ್ಲಿ ಜಮೀನಿದೆ, ಗಂಡನನ್ನು ಕಳೆದುಕೊಂಡ ಅವಳ ತಂಗಿ ಸಾಕಮ್ಮ ಇವರ ಜೊತೆಯಲ್ಲೇ ಇದ್ದಾಳೆ. ಜಯಮ್ಮ ಜಗಲಿಯ ಮೇಲೆ ಕೂತು ನಡೆದದ್ದನ್ನು ವಿವರಿಸಿದಳು.

"ಅಕ್ಕಾ, ಯಾರೋ ಐದು ಜನ ಬಂದಿದ್ರು. ಬಾಗಿಲಲ್ಲೇ ನಿಂತ್ಕಂಡು, ನಿಮ್ಮ ಯಜಮಾನ್ರು ಅವ್ರಾ ಅಂದ್ರು. ಇವರಿಗ್ಯಾಕೆ ನಮ್ಮೆಜಮಾನ್ರು ಅಂದ್ಕಂಡೆ. ಆಮ್ಯಾಲೆ ಗೊತ್ತಾಯ್ತು, ಬದುಕವ್ರಾ ಅಂತ ಕೇಳ್ತಾವ್ರೆ."

"ನೀನೇನಂದೆ?"

"ಒಳಗೆ ಮಲಗವ್ರೆ, ಎಬ್ಬಿಸಿ ತೋರಿಸ್ಲಾ ಅಂದೆ."

ನಾನು ನಕ್ಕೆ. ಜಯಮ್ಮ ನಗಲಿಲ್ಲ. "ನನ್ನ ಹಣೆಗೆ ಇಟ್ರು. ಪಕ್ಕದಲ್ಲಿ ಸಾಕಮ್ಮ ನಿಂತಿದ್ಲು. ನೀನು ಸ್ವಲ್ಪ ಒಳಗೆ ಹೋಗಮ್ಮ ಅಂದ್ರು ಅಕ್ಕಾ. ನಮ್ಮ ಮನೇಲಿ, ನಮ್ಮ ಬಾಗಿಲಲ್ಲಿ. ನೀವು ಬಂದಾಗೆಲ್ಲ ಅವಳ ಕೈಗೆ ಮೊದಲು ಹಣ್ಣು ಕೊಡ್ತಿದ್ರಿ."

ದೊಡ್ಡಮ್ಮ ಒಳಗೆ ಹೋಗಿ ಕಾಫಿ ತಂದರು.

ಮಾರನೆಯ ದಿನದಿಂದ ಜಗಲಿಗೆ ಒಬ್ಬೊಬ್ಬರೇ ಬರತೊಡಗಿದರು. ಮದುವೆಯೇ ಆಗದ ಹೈಸ್ಕೂಲ್ ಟೀಚರ್ ಒಬ್ಬರು ಬಂದು, ತಮ್ಮ ಮನೆಯ ಗೇಟನ್ನು ಆ ಹೆಂಗಸರು ತೆರೆಯಲೇ ಇಲ್ಲ ಎಂದರು. ಇಡ್ಲಿ ಮಾರುವ ರತ್ನಳ ಕಥೆಯಂತೂ ಕೇಳಲಾಗದಂಥದ್ದು. ಅವಳ ಗಂಡ ಯಾವತ್ತೋ ಬಿಟ್ಟುಹೋದವನು. ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹಾಗಾದರೆ ಇವಳು ಸುಮಂಗಲಿಯೋ ಅಲ್ಲವೋ? ಐವರೂ ಅವಳ ಒಲೆಯ ಮುಂದೆ ರಸ್ತೆಯಲ್ಲಿ ನಿಂತು ಇದನ್ನು ಚರ್ಚಿಸಿದರಂತೆ, ಅವಳ ಕಿವಿಗೆ ಬೀಳುವ ಹಾಗೆ! ಕೊನೆಗೆ ಬಾಳೆಹಣ್ಣು ಕೊಡಬಹುದು, ಕುಂಕುಮ ಬೇಡ ಎಂದು ತೀರ್ಮಾನಿಸಿ, ಹಣ್ಣು ಕೊಟ್ಟು ಹೋದರಂತೆ.

"ಹಣ್ಣು ತಿಂದ್ಯಾ?" ಎಂದು ಕೇಳಿದೆ.

"ಹಸೂಗೆ ಹಾಕ್ದೆ ಕಣವ್ವ. ಅದು ಕೇಳಲಿಲ್ಲ ನಾನು ಏನು ಅಂತ" ಎಂದಳು ರತ್ನ.

ಮಂಡಳಿಯವರಿಗೆ ಒಂದು ಸಣ್ಣ ವಿಷಯ ಹೊಳೆದಿರಲಿಲ್ಲ. ತಟ್ಟೆ ಹೋಗದ ಮನೆಗಳಲ್ಲೂ ವೋಟಿದೆ. ತಟ್ಟೆ ಹೋದ ಮನೆಯ ಹೆಂಗಸರಿಗೂ ಅಕ್ಕ, ತಂಗಿ, ಅತ್ತೆ, ತಾಯಿ ಎನ್ನುವವರು ಇರುತ್ತಾರೆ. ಆದರೆ ಬಂದವರು ಯಾರೇ ಏನು ಹೇಳಲಿ, ದೊಡ್ಡಮ್ಮನದು ಒಂದೇ ಮಾತು. "ಮಹೇಶ ಒಳ್ಳೆ ಹುಡುಗ. ಮಹೇಶನ್ನ ನೋಡಿ ಹಾಕಿ."

ಎದುರು ಪಕ್ಷದವರಿಗೆ ವಾಸನೆ ಬಡಿಯದೆ ಇರುತ್ತದೆಯೇ? ಅವರ ಅಭ್ಯರ್ಥಿಯೇ ಹಣ್ಣಿನ ಬುಟ್ಟಿ ಹೊತ್ತುಕೊಂಡು ಬಂದ. "ಅಮ್ಮ, ನಿಮಗಾದ ಅವಮಾನ ನಮಗೆ ಆದ ಹಾಗೆ. ನಮ್ಮ ಕಡೆ ಬನ್ನಿ. ಬೆಳ್ಳಿ ತಟ್ಟೆ ಕೊಡ್ತೀವಿ, ನೀವೇ ಮನೆಮನೆಗೆ ಹೋಗಿ" ಎಂದ. ದೊಡ್ಡಮ್ಮ ಅವನಿಗೆ ಕಾಫಿ ಕೊಟ್ಟು, ಅವನ ತಾಯಿಯ ಮಂಡಿನೋವು ವಿಚಾರಿಸಿ, "ಕಾಫಿ ಕುಡಿದು ಹೋಗಪ್ಪ. ನಾನು ಮನೆ ಬದಲಾಯಿಸೋ ವಯಸ್ಸಲ್ಲ" ಎಂದರು. ಬೆಳ್ಳಿ ತಟ್ಟೆಯ ಮಾತು ಬಂದಾಗ ಅವರ ಕಣ್ಣು ಒಂದು ಕ್ಷಣ ರಸ್ತೆಯಾಚೆಯ ಮನೆಗಳ ಮೇಲೆ ಹರಿದದ್ದು ನನಗೆ ಕಾಣಿಸಿತು.

ವೋಟಿನ ದಿನ ಬೆಳಿಗ್ಗೆ ಇನ್ನೊಂದು ಆಶ್ಚರ್ಯ. ನಮ್ಮ ಬೂತು ಇರುವುದು ದೊಡ್ಡಮ್ಮನ ಮನೆಯ ಹತ್ತಿರದ ಪ್ರೈಮರಿ ಸ್ಕೂಲಿನಲ್ಲಿ. ಹೆಂಗಸರು ಬೂತಿಗೆ ಹೋಗುವ ಮೊದಲು ಇವರ ಜಗಲಿಯ ಮುಂದೆ ಬಂದು ನಿಂತರು. ಜಯಮ್ಮ, ಸಾಕಮ್ಮ, ರತ್ನ, ಟೀಚರ್, ಇನ್ನೂ ಎಷ್ಟೋ ಜನ. "ಈ ಸಲ ನಿಮ್ಮ ಕೈಯಿಂದ ಬರಲೇ ಇಲ್ಲ. ಕುಂಕುಮ ಇಡಿ, ಹೋಗಿ ಹಾಕ್ಬುಟ್ಟು ಬತ್ತೀವಿ" ಎಂದಳು ಜಯಮ್ಮ.

ದೊಡ್ಡಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡರು. "ಆಗಲ್ಲ ಕಣ್ರಮ್ಮ. ಬೂತಿಂದ ನೂರು ಮೀಟರ್ ಒಳಗೆ ಪ್ರಚಾರ ಮಾಡಂಗಿಲ್ಲ. ನಮ್ಮನೆ ಎಪ್ಪತ್ತಕ್ಕೇ ಬರುತ್ತೆ. ಕಾನೂನು."

"ಪ್ರಚಾರ ಅಲ್ಲ ಅಕ್ಕಾ, ಕುಂಕುಮ."

"ಎರಡೂ ಒಂದೇ" ಎಂದರು ದೊಡ್ಡಮ್ಮ. ಹೆಂಗಸರು ಸೆರಗು ಸರಿಮಾಡಿಕೊಂಡು ಬೂತಿನ ಕಡೆ ಬಿರಬಿರನೆ ನಡೆದರು. ಆ ನಡಿಗೆ ನೋಡಿದಾಗಲೇ ನನಗೆ ಫಲಿತಾಂಶ ಗೊತ್ತಾಗಿಹೋಯಿತು.

ಫಲಿತಾಂಶ ಬಂದ ದಿನ ಊರಿಗೆ ಊರೇ ಬಾಯಿಮೇಲೆ ಬೆರಳಿಟ್ಟುಕೊಂಡಿತು. ಪಕ್ಷದ ಕೋಟೆ ಎನಿಸಿಕೊಂಡಿದ್ದ ವಾರ್ಡಿನಲ್ಲಿ ಮಹೇಶ ಮೂರನೇ ಸ್ಥಾನಕ್ಕೆ ಹೋಗಿದ್ದ. ಎರಡನೆಯವನು ಯಾರೋ ಪಕ್ಷೇತರ, ಹೊಲಿಗೆ ಯಂತ್ರ ಚಿಹ್ನೆಯವನು, ತನಗೆ ಇಷ್ಟು ವೋಟು ಯಾಕೆ ಬಂತು ಎಂದು ಅವನಿಗೇ ಗೊತ್ತಿಲ್ಲ! ಪಕ್ಷದ ಕಚೇರಿಯಲ್ಲಿ ಪರಾಮರ್ಶೆ ನಡೆಯಿತು. ರಾಹುಕಾಲದಲ್ಲಿ, ಅದೂ ಅಂಥ ಕೈ ಹಿಡಿದುಕೊಂಡು ನಾಮಪತ್ರ ಸಲ್ಲಿಸಿದ ಮೇಲೆ ಇನ್ನೇನಾಗುತ್ತದೆ ಎಂದು ಅಧ್ಯಕ್ಷರು ಬಹಳ ಮೃದುವಾಗಿ ವಿಶ್ಲೇಷಿಸಿದರಂತೆ. ಒಳಗಿದ್ದುಕೊಂಡೇ ದೊಡ್ಡಮ್ಮ ಏಟು ಕೊಟ್ಟರು ಎಂದು ಇನ್ನೊಬ್ಬರು ಹೇಳಿದರಂತೆ. ತಮಗೆ ವೋಟು ಹಾಕದ ಹೆಂಗಸರನ್ನು ಯಾಕೆ ಹಾಕಲಿಲ್ಲ ಎಂದು ಕೇಳಬೇಕೆನ್ನುವ ಯೋಚನೆ ಅಲ್ಲಿ ಒಬ್ಬರಿಗೂ ಬರಲಿಲ್ಲ.

ನನಗೆ ಒಳಗೊಳಗೇ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಅರ್ಧ ಕೆಜಿ ಮೈಸೂರುಪಾಕು ಕಟ್ಟಿಸಿಕೊಂಡು ಒಂಟಿಕೊಪ್ಪಲಿಗೆ ಹೋದೆ. ಬಾವುಟ ಹಾಗೆಯೇ ಇತ್ತು. ದೊಡ್ಡಮ್ಮ ನಡುಮನೆಯ ಕಂಬಕ್ಕೆ ಒರಗಿ ಕೂತು ಅಳುತ್ತಿದ್ದರು. ಅವರು ಅತ್ತದ್ದನ್ನು ಲಗ್ನಪತ್ರಿಕೆಗಳ ಮುಂದೆ ಬಿಟ್ಟರೆ ಬೇರೆಲ್ಲೂ ನಾನು ನೋಡಿರಲಿಲ್ಲ.

"ನಾನವನಿಗೇ ಹಾಕಿದ್ದು ಕಣೇ" ಎಂದರು. ಗುಪ್ತ ಮತದಾನ ಅಲ್ಲಿಗೆ ಮುಗಿಯಿತು.

"ಅಲ್ಲ ದೊಡ್ಡಮ್ಮ, ನಿಮ್ಮ ಮರ್ಯಾದೆ ಕಳೆದವರು ಸೋತರು. ನಿಮಗೋಸ್ಕರ ಇಡೀ ವಾರ್ಡು ಸೋಲಿಸಿದೆ. ನೀವು ಅಳೋದಾ?"

ಅವರು ಮೂಗು ಒರೆಸಿಕೊಂಡರು. "ನಿನಗೆ ಗೊತ್ತಾಗಲ್ಲ. ನಿಮ್ಮ ದೊಡ್ಡಪ್ಪ ಹೋದ್ಮೇಲೆ ನನ್ನನ್ನ ಯಾರು ಯಾವುದಕ್ಕೆ ಕರೀತಿದ್ರು? ಆರತಿ ಅಂದ್ರೆ ಕರೀತಿರಲಿಲ್ಲ. ಬಳೆ ತೊಡಿಸೋದಕ್ಕೆ ಕರೀತಿರಲಿಲ್ಲ. ನಮ್ಮವರ ಮನೆ ಕಾರ್ಯ ಆದ್ರೆ ಉಗ್ರಾಣದ ಬೀಗದಕೈ ಕೊಟ್ಟು ಅಲ್ಲೇ ಕೂರಿಸೋರು. ಬೀದೀಲಿ ಬೆಳಗ್ಗೆ ಯಾರಾದ್ರೂ ಒಳ್ಳೆ ಕೆಲಸಕ್ಕೆ ಹೊರಟಿದ್ರೆ ನಾನೇ ಬಾಗಿಲ ಹಿಂದೆ ಸರಿದು ನಿಲ್ತಿದ್ದೆ. ಎಲೆಕ್ಷನ್ ಬಂದ್ರೆ ಮಾತ್ರ ಎಲ್ಲ ಮನೆಗೂ ಮುಂಬಾಗಿಲಿಂದ ಹೋಗ್ತಿದ್ದೆ. ಬನ್ನಿ ಅಕ್ಕ, ಕೂತ್ಕೊಳ್ಳಿ ಅಕ್ಕ ಅನ್ನೋರು, ಹಣೆ ಒಡ್ಡೋರು. ನನಗೆ ಇದ್ದ ಹಬ್ಬ ಅದೊಂದೇ ಕಣೇ. ಮಹೇಶ ಗೆದ್ದಿದ್ರೆ ತಟ್ಟೆ ಕೊಡ್ತಿದ್ದ. ಈಗ ಇನ್ಯಾರು ಕೊಡ್ತಾರೆ?"

ಮೈಸೂರುಪಾಕಿನ ಪೊಟ್ಟಣ ನನ್ನ ಕೈಯಲ್ಲೇ ಉಳಿಯಿತು. ಇಷ್ಟು ವರ್ಷ ವೋಟು ವೋಟು ಎಂದು ನಾವು ನಕ್ಕ ಹೆಂಗಸು ಹುಡುಕುತ್ತಿದ್ದದ್ದು ಒಳಗೆ ಕರೆಯುವ ಒಂದು ಮನೆಯನ್ನು. ನನಗೆ ದುಃಖ ಉಕ್ಕಿಬಂತು.

ಅಷ್ಟರಲ್ಲಿ ಗೇಟು ಸದ್ದಾಯಿತು. ಜಯಮ್ಮ, ಜೊತೆಯಲ್ಲಿ ಸಾಕಮ್ಮ. ಹಿಂದೆ ಜಯಮ್ಮನ ತುಂಬು ಬಸುರಿ ಮಗಳು ನಿಧಾನವಾಗಿ ಮೆಟ್ಟಿಲು ಹತ್ತುತ್ತಿದ್ದಳು. ಜಯಮ್ಮ ಕೂರಲೂ ಇಲ್ಲ.

"ಅಕ್ಕಾ, ನಾಳೆ ಇವಳಿಗೆ ಸೀಮಂತ ಇಟ್ಕಂಡಿದೀವಿ. ನೀವು ಬರ್ಬೇಕು. ಮೊದಲ ಕುಂಕುಮ ನೀವೇ ಇಡ್ಬೇಕು."

ದೊಡ್ಡಮ್ಮ ಗಾಬರಿಯಿಂದ ಎದ್ದು ನಿಂತರು. "ಬೇಡ ಕಣೇ ಜಯಮ್ಮ. ಎಲೆಕ್ಷನ್ ಬೇರೆ, ಇದು ಬೇರೆ. ಬಸುರಿ ಹುಡುಗಿ. ನಿಮ್ಮ ಬೀಗರು ಏನಾದ್ರೂ ಅಂದಾರು."

"ಅನ್ನೋರು ಅಂದ್ಕಳ್ಳಲಿ. ಇಷ್ಟು ಎಲೆಕ್ಷನ್‌ಗೂ ನಿಮ್ಮ ಕೈಯಿಂದ ಇಡಿಸ್ಕಂಡಿದೀನಲ್ಲ, ನಮ್ಮೆಜಮಾನ್ರಿಗೆ ಏನಾಗದೆ? ಗುಂಡುಕಲ್ಲು ಹಂಗವ್ರೆ" ಎಂದಳು ಜಯಮ್ಮ. ಸಾಕಮ್ಮ ದೊಡ್ಡಮ್ಮನ ಕೈ ಹಿಡಿದುಕೊಂಡಳು. ಬಸುರಿ ಹುಡುಗಿ ಬಗ್ಗಲಾಗದೆ ಬಗ್ಗಿ ಕಾಲು ಮುಟ್ಟಲು ಬಂದಳು, ದೊಡ್ಡಮ್ಮ ಅವಳನ್ನು ಹಿಡಿದು ನಿಲ್ಲಿಸಿದರು. ಬರುತ್ತೇನೆ ಎನ್ನುವಂತೆ ತಲೆ ಆಡಿಸಿದರು.

ಅವರೆಲ್ಲ ಹೋದ ಮೇಲೆ ದೊಡ್ಡಮ್ಮ ಒಳಗೆ ಹೋಗಿ ಟ್ರಂಕು ತೆರೆದರು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ಹೋಗಿ ನೋಡಿದರೆ, ನೆಲದ ಮೇಲೆ ನಾಲ್ಕಾರು ಸೀರೆಗಳನ್ನು ಹರಡಿಕೊಂಡು ನಡುವೆ ಕೂತಿದ್ದರು. ಇಡೀ ವಾರ್ಡನ್ನು ನಡೆಸಿದ ಹೆಂಗಸು ನನ್ನ ಮುಖವನ್ನು ಹೊಸದಾಗಿ ಶಾಲೆಗೆ ಸೇರಿದ ಹುಡುಗಿಯ ಹಾಗೆ ನೋಡಿದರು.

"ಯಾವುದು ಉಡ್ಲೇ?" ಎಂದರು. "ಇಂಥದ್ದಕ್ಕೆಲ್ಲ ಈಗ ಏನು ಉಟ್ಕೊಂಡು ಹೋಗ್ತಾರೆ ಅಂತ ನನಗೆ ಗೊತ್ತಿಲ್ಲ ಕಣೇ."